ಬಯಲಾಟದ ಅಂಗಳದಿಂದ ವಿಶ್ವವಿದ್ಯಾಲಯದವರೆಗೆ: ಡಾ. ಚಂದ್ರಶೇಖರ ಕಂಬಾರರು

(ಶತಮಾನೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಶಾಲೆಯ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಪಾಠ)



ಈ ಮಾಲಿಕೆಯಲ್ಲಿ ಒಬ್ಬ ರಂಗತಜ್ಞರ ಪರಿಚಯ ಮಾಡಿಕೊಡಬೇಕೆಂದು ನಿಶ್ಚಯವಾದಾಗ ನಾವು ಬಹಳ ದೂರ ಹುಡುಕಬೇಕಾಗಲಿಲ್ಲ. ಗಡಹಿಂಗ್ಲಜದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿಯು ಗಡಿ ದಾಟಿ ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯನ್ನು ಸೇರುತ್ತದೆ. ಆ ಘಟಪ್ರಭೆಯ ದಡದ ಘೋಡಗೇರಿಯಲ್ಲಿ 1937ರ ಜನವರಿ 2ರಂದು ಚಂದ್ರಶೇಖರ ಕಂಬಾರರು ಜನಿಸಿದರು. ಆಗ ಆ ಊರು ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಊರು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಮುಂದೆ 1956ರಲ್ಲಿ ರಾಜ್ಯಗಳ ಗೆರೆ ಬೇರೆಯಾಯಿತು. ಆದರೆ ಜಾತ್ರೆ, ಬೀಗತನ, ಆಟಪಾಟಗಳು ಆ ಗೆರೆಯನ್ನು ಕೇಳಿ ನಡೆಯಲಿಲ್ಲ.

ಕಮ್ಮಾರಿಕೆಯ ಬಡ ಮನೆತನ. ಗೋಕಾಕದ ಹೈಸ್ಕೂಲಿನ ಓದು ನಿಂತುಹೋಗುವ ಹೊತ್ತಿನಲ್ಲಿ ಸಾವಳಗಿ ಮಠದ ಸ್ವಾಮಿಗಳು ಖರ್ಚನ್ನು ವಹಿಸಿಕೊಂಡರು. ಅನಂತರ ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಎಂ.ಎ. ಮುಗಿಸಿದ ತರುಣ ಪಿಎಚ್.ಡಿ.ಗೆ ಆಯ್ದುಕೊಂಡ ವಿಷಯವೇ ನಮ್ಮ ದೃಷ್ಟಿಯಲ್ಲಿ ಅವರ ಇಡೀ ವೃತ್ತಿಜೀವನದ ಬೀಗದ ಕೈ: ಉತ್ತರ ಕರ್ನಾಟಕದ ಜನಪದ ರಂಗಭೂಮಿ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ ಇವೆಲ್ಲ ಬೆಳತನಕ ಅಂಗಳದಲ್ಲಿ ನಡೆದು, ಮುಂಜಾನೆ ಜನ ಹೊಲಕ್ಕೆ ಹೋದೊಡನೆ ಮರೆತುಹೋಗುವ ‘ಅನಕ್ಷರಸ್ಥರ ಆಟ’ ಎಂದು ಓದಿದವರು ತಿಳಿದಿದ್ದ ಕಾಲವದು. ಪಾರಿಜಾತವನ್ನು ರೂಪಿಸಿದ ಕುಲಗೋಡ ತಮ್ಮಣ್ಣನ ಊರು ಘೋಡಗೇರಿಯಿಂದ ದೂರವಿಲ್ಲ. ಬಾಲ್ಯದಲ್ಲಿ ಕಂಡು ಕೇಳಿದ್ದನ್ನು ವಿದ್ಯೆಯೆಂದು ಪರಿಗಣಿಸಿ, ಮೇಳದವರನ್ನು ಗುರುಗಳೆಂದು ಭಾವಿಸಿ ಬರೆಯಲು ಧೈರ್ಯ ಬೇಕಿತ್ತು.

1960ರ ದಶಕದ ಕೊನೆಗೆ ಅವರು ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮರಳಿ ಬಂದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎರಡು ದಶಕ ಅಧ್ಯಾಪನ ಮಾಡಿದರು. ಶಿಕಾಗೋ ಕಂಡು ಬಂದವರು ಬರೆದ ನಾಟಕ ಯಾವುದು? ಭಾದ್ರಪದದಲ್ಲಿ ಹುಟ್ಟಿ ಏಳು ದಿನ ಬಾಳಿ ಸಾಯುವ ಜೋಕುಮಾರನನ್ನು ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಿರುಗುವ ಆಚರಣೆ ನಿಮಗೆ ತಿಳಿದಿರಬಹುದು. ಅದೇ ‘ಜೋಕುಮಾರಸ್ವಾಮಿ’ಯಾಯಿತು. 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ಬಯಲು ರಂಗದ ಮೇಲೆ ಅದು ಬಂತು. ಸೂತ್ರಧಾರನಿದ್ದಾನೆ, ಹಿಮ್ಮೇಳವಿದೆ, ಹಾಡು ಕುಣಿತಗಳಿವೆ. ಒಳಗೆ ಮಾತ್ರ ಹೊಲ ಯಾರದು, ಉಳುವವನದೋ ಗೌಡನದೋ ಎಂಬ ಸುಡುವ ಪ್ರಶ್ನೆಯಿದೆ. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಬಂದದ್ದು ಎರಡು ವರ್ಷಗಳ ಅನಂತರ, 1974ರಲ್ಲಿ.

ಅವರ ಹುದ್ದೆಗಳ ಪಟ್ಟಿ ದೊಡ್ಡದು. ಬೇಗ ಹೇಳಿ ಮುಗಿಸುತ್ತೇವೆ. 1980ರಿಂದ 83ರವರೆಗೆ ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷತೆ, 1996ರಿಂದ ನಾಲ್ಕು ವರ್ಷ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ಸೊಸಾಯಿಟಿಯ ಅಧ್ಯಕ್ಷತೆ, 2010ನೆಯ ಸಾಲಿನ ಜ್ಞಾನಪೀಠ, 2021ರಲ್ಲಿ ಪದ್ಮಭೂಷಣ. ತಮ್ಮ ಕೃತಿ ‘ಕಾಡು ಕುದುರೆ’ಯನ್ನು ತಾವೇ ಚಲನಚಿತ್ರವಾಗಿ ನಿರ್ದೇಶಿಸಿದರು, ಅದರಲ್ಲಿ ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಕುಲಪತಿ. ಅಲ್ಲಿ ಪದವಿ ಪ್ರದಾನ ಸಮಾರಂಭಕ್ಕೆ ‘ನುಡಿಹಬ್ಬ’ ಎಂಬ ಹೆಸರು. ಘಟಿಕೋತ್ಸವವೆಂಬ ಗಂಭೀರ ಪದವನ್ನು ಬಿಟ್ಟು ಹಬ್ಬವೆಂದು ಕರೆಯುವುದು ಅಂಗಳದ ಆಟ ನೋಡಿ ಬೆಳೆದವರಿಗೇ ಹೊಳೆಯುವ ಮಾತೆಂದು ನಮಗೆ ತೋರುತ್ತದೆ. ಆಡಳಿತದ ಆ ವರ್ಷಗಳು ಒಂದೆರಡು ನಾಟಕಗಳನ್ನು ನುಂಗಿರಬಹುದೆಂಬ ಕೊರಗೂ ನಮಗುಂಟು.

ಇದನ್ನೆಲ್ಲ ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಏಕೆ ಹೇಳಬೇಕು? ಮೊದಲನೆಯದಾಗಿ, ರಂಗಭೂಮಿಯ ಮಟ್ಟಿಗೆ ನಾವು ಪರಕೀಯರಲ್ಲ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಗೆ ಬಂದು ಆಡಿದ್ದನ್ನು ಕಂಡ ಮೇಲೆಯೇ ಮರುವರ್ಷ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿ ಆರಂಭವಾಯಿತು. ಕೊಲ್ಹಾಪುರದ ಕೇಶವರಾವ್ ಭೋಸಲೆಯವರು ತಮ್ಮ ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಅವರ ಹೆಸರಿನ ನಾಟ್ಯಗೃಹ 2024ರ ಆಗಸ್ಟ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ಮರಾಠಿಗರಷ್ಟೇ ನಾವೂ ಮರುಗಿದೆವು.

ಎರಡನೆಯ ಕಾರಣ ನಮ್ಮ ತರಗತಿಯೊಳಗಿನದು. ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ಬರುವ ನಮ್ಮ ಮಕ್ಕಳ ಮನೆಮಾತನ್ನು ಮರಾಠಿ ನೆರೆಯವರು ಕನ್ನಡವೆಂದು ದೂರ ಇಡುತ್ತಾರೆ. ಬೆಂಗಳೂರಿನಿಂದ ಬರುವ ನೆಂಟರು ಇದೆಂಥ ಕನ್ನಡವೆಂದು ನಗುತ್ತಾರೆ. ಎರಡೂ ಕಡೆಯ ನಗೆಯನ್ನು ಕೇಳಿದ ಮಗು ಬಾಯಿ ತೆರೆಯಲು ಹಿಂಜರಿಯುತ್ತದೆ. ಹಾಗೆ ಮೌನವಾದ ಮಕ್ಕಳ ಪಾಲಕರೇ ಮುಂದೆ ಬೇರೆ ಮಾಧ್ಯಮದ ಶಾಲೆಗೆ ದಾಖಲೆ ಪತ್ರ ಕೇಳಲು ಬರುತ್ತಾರೆ. ಈ ವರ್ಷ ಎಂಟನೆಯ ತರಗತಿಯಲ್ಲಿ ಕಂಬಾರರ ನಾಟಕದ ಪುಟಗಳನ್ನು ಗಟ್ಟಿಯಾಗಿ ಓದಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕಾರ, ಇದು ನಮ್ಮ ಮನ್ಯಾಗಿನ ಮಾತ ಐತಲ್ರಿ, ಪುಸ್ತಕದಾಗ ಹೆಂಗ ಬಂತು?” ಎಂದಳು. ಅಂದಿನಿಂದ ಅವಳ ಬಾಯಿಗೆ ಬಿಡುವಿಲ್ಲ. ಗಣಿತದ ಗುರುಗಳು ಈಗ ಅದನ್ನೇ ದೂರುತ್ತಿದ್ದಾರೆ!

ಪರೀಕ್ಷೆಯ ಉತ್ತರವನ್ನು ಗ್ರಾಂಥಿಕ ಕನ್ನಡದಲ್ಲೇ ಬರೆಯಬೇಕು, ಅದರಲ್ಲಿ ಸಡಿಲಿಕೆಯಿಲ್ಲ. ರಂಗದ ಮೇಲೆ ಮಾತ್ರ ಮನೆಮಾತಿಗೆ ಪೂರ್ಣ ಸ್ಥಾನ ಕೊಡಬೇಕೆಂದು ನಾವು ತೀರ್ಮಾನಿಸಿದ್ದೇವೆ. ‘ಜೋಕುಮಾರಸ್ವಾಮಿ’ ಶಾಲೆಯ ಮಕ್ಕಳು ಆಡುವ ನಾಟಕವಲ್ಲವೆಂಬುದು ಓದಿದವರಿಗೆ ಗೊತ್ತು. ಆದುದರಿಂದ ಟಾಲ್‌ಸ್ಟಾಯ್ ಕಥೆಯ ಪ್ರೇರಣೆಯಿಂದ ಕಂಬಾರರು ಬರೆದ ‘ಬೆಪ್ಪುತಕ್ಕಡಿ ಬೋಳೇಶಂಕರ’ವನ್ನು ಆರಿಸಿಕೊಂಡಿದ್ದೇವೆ. ಸಂಜೆ ಶಾಲೆ ಬಿಟ್ಟ ಮೇಲೆ ಆಟದ ಮೈದಾನದಲ್ಲೇ ತಾಲೀಮು ನಡೆದಿದೆ. ಪಾತ್ರಗಳು ಸಿದ್ಧವಾಗಿವೆ, ಹಿಮ್ಮೇಳಕ್ಕೆ ಜನ ಸಾಲದು. ಹಳೆಯ ವಿದ್ಯಾರ್ಥಿಗಳಲ್ಲಿ ಭಜನೆಯ ದಪ್ಪು, ತಾಳ, ಪೇಟಿ ಬಲ್ಲವರು ಇಂದು ಊಟ ಮಾಡಿ ಹೊರಡುವ ಮುನ್ನ ನಮ್ಮ ಕಾರ್ಯಾಲಯದಲ್ಲಿ ಹೆಸರು ಬರೆಸಿ ಹೋಗಬೇಕೆಂದು ವಿನಂತಿ.