ನಾಲ್ಕೆಲೆಯ ಗಿಡ



ಸೊಲ್ಲಾಪುರದಲ್ಲಿ ವಿಜಯಪುರದ ದಾರಿ ಹಿಡಿದರೆ ಸಂಭಾಜಿ ತಲಾವ ಸಿಗುತ್ತದೆ. ಹಳಬರ ಬಾಯಲ್ಲಿ ಅದು ಇಂದಿಗೂ ಕಂಬರ ತಲಾವ. ಜಲಪರ್ಣಿ ಹಬ್ಬಿತೆಂದರೆ ಅಲ್ಲಿ ನೀರೇ ಕಾಣದು. ಹಸಿರು ಹಚ್ಚಡ, ಅದರ ಮೇಲೆ ನೇರಳೆ ಹೂಗೊಂಚಲು. ಒಂದೊಂದು ಹೂವಿನ ಮೇಲಿನ ಎಸಳಿಗೆ ನವಿಲುಗಣ್ಣಿನಂಥ ಹಳದಿ ಬೊಟ್ಟು. ಬಸ್ಸಿನ ಕಿಟಕಿಯಿಂದ ನೋಡಿದವರು ‘ಎಷ್ಟ್ ಚಂದ ಐತಿ’ ಅನ್ನದೆ ಇರಲಾರರು. ಈ ಚಂದಕ್ಕೆ ಮರುಳಾಗಿಯೇ ದಕ್ಷಿಣ ಅಮೆರಿಕದ ಗಿಡವನ್ನು 19ನೆಯ ಶತಮಾನದ ಕೊನೆಗೆ ಬಂಗಾಳಕ್ಕೆ ತಂದರು. ಹದ ಸಿಕ್ಕರೆ ಎರಡು ವಾರದಲ್ಲಿ ಒಂದಕ್ಕೆರಡಾಗುವ ಗಿಡ ಇದು. ಆಮೇಲೆ ಕೆಳಗಿನ ನೀರಿಗೆ ಬಿಸಿಲಿಲ್ಲ, ಮೀನಿಗೆ ಉಸಿರಿಲ್ಲ.

ಅಕ್ಕಲಕೋಟೆಯ ಕಡೆ ಎರೆಭೂಮಿಯ ಹೊಂಡಗಳ ಕೆಸರಂಚಿನಲ್ಲಿ ಇನ್ನೊಂದು ಗಿಡವಿರುತ್ತದೆ. ದಾರದಂಥ ದೇಟು, ತುದಿಗೆ ನಾಲ್ಕೇ ನಾಲ್ಕು ಎಲೆ. ಸಂಜೆಯಾದರೆ ಅವು ಕೈಮುಗಿದಂತೆ ಮಡಚಿಕೊಳ್ಳುತ್ತವೆ. ಹುಳಿಸೊಪ್ಪೆಂದುಕೊಂಡು ದಾಟಿ ಹೋಗುತ್ತೇವೆ. ಆದರೆ ಇದು ಮಾರ್ಸಿಲಿಯಾ, ಜರೀಗಿಡಗಳ ಕುಲದ್ದು. ಆಯುರ್ವೇದದವರು ಇದನ್ನು ಸುನಿಷಣ್ಣಕ ಎನ್ನುತ್ತಾರೆ. ಮಲೆನಾಡಿನಲ್ಲಿ ಬಂಡೆ ಬಂಡೆಗೂ ಜರೀಗಿಡವುಂಟು. ನಮ್ಮ ಬರಗಾಲದ ಸೀಮೆಯಲ್ಲಿ ಅದನ್ನು ಹುಡುಕಿ ನೋಡಬೇಕು. ಯುರೋಪಿನಲ್ಲಂತೂ ಇದರ ದಾಯಾದಿಯೊಂದು ಎಷ್ಟು ವಿರಳವೆಂದರೆ, ಅದಕ್ಕೆ ಕಾನೂನಿನ ಕಾವಲಿದೆ. ಇಲ್ಲಿ ಎಮ್ಮೆ ತುಳಿಯುತ್ತದೆ.

ಇದಕ್ಕೆ ಹೂವಿಲ್ಲ, ಬೀಜವೂ ಇಲ್ಲ. ಬುಡದಲ್ಲಿ ಕಡಲೆಗಿಂತ ಸಣ್ಣ, ಕಲ್ಲಿನಂಥ ಕಾಳು ಕಟ್ಟುತ್ತದೆ, ಬೀಜಾಣುಗಳಿರುವುದು ಅದರೊಳಗೆ. ಬೇಸಿಗೆಯಲ್ಲಿ ಹೊಂಡ ಬತ್ತಿ, ನೆಲ ಬಿರಿದು, ಗಿಡ ಸುಟ್ಟುಹೋದರೂ ಕಾಳು ಮಣ್ಣಲ್ಲಿ ಉಳಿಯುತ್ತದೆ, ಒಂದೆರಡು ವರ್ಷವಲ್ಲ, ದಶಕಗಟ್ಟಲೆ. ಅಂಥದೊಂದು ಕಾಳಿನ ಸಿಪ್ಪೆಯನ್ನು ಬ್ಲೇಡಿನಿಂದ ಗೀರಿ ನೀರಿನ ಬಟ್ಟಲಿಗೆ ಹಾಕಿ ನೋಡಬೇಕು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಲೋಳೆಯ ದಾರವೊಂದು ಹುಳುವಿನಂತೆ ಉಬ್ಬುತ್ತ, ಬೀಜಾಣುಗಳ ಚೀಲಗಳನ್ನು ಹೊತ್ತು ಹೊರಗೆ ಬರುತ್ತದೆ. ಬರದ ನಾಡಿಗೆ ತಕ್ಕ ಗಿಡ ಅನ್ನಿಸುವುದು ಆಗಲೇ.

ಹಾಗೆಂದು ಜಲಪರ್ಣಿಯನ್ನು ಬೈದು ಕೂತರೆ ನ್ಯಾಯವಲ್ಲ. ಅದು ಕೊಬ್ಬುವುದು ನಾವು ಕೆರೆಗೆ ಬಿಟ್ಟ ಚರಂಡಿ ನೀರಿನಿಂದ. 12ನೆಯ ಶತಮಾನದಲ್ಲಿ ಸಿದ್ಧರಾಮ ಶರಣರು ಕೆರೆ ತೋಡುವುದನ್ನೇ ಪೂಜೆ ಮಾಡಿಕೊಂಡ ಊರು ಸೊಲ್ಲಾಪುರ. ಅವರ ಜಾತ್ರೆಯಲ್ಲಿ ನಂದಿಕೋಲು ಹಿಡಿಯುವ ನಾವೇ ಕೆರೆಗೆ ಕೊಳಚೆ ಹರಿಸುತ್ತೇವೆ. ಯಂತ್ರ ತಂದು ಗಿಡ ಎಳೆದು ಹಾಕುವುದು ಮೇಲಿನ ಕೆಲಸ. ಚರಂಡಿ ನಿಲ್ಲುವವರೆಗೆ ಅದು ಮತ್ತೆ ಬರುತ್ತದೆ, ಮತ್ತೆ ಹೂ ಬಿಡುತ್ತದೆ.

ಈ ಸಲ ಮಿರಗದ ಮಳೆ ಬಂದು ಹೊಂಡ ತುಂಬಿದ ಮೇಲೆ, ಮಕ್ಕಳನ್ನು ಕರೆದುಕೊಂಡು ನಿಮ್ಮೂರಿನ ಕೆಸರಂಚಿಗೆ ಒಮ್ಮೆ ಹೋಗಿ ಬನ್ನಿ. ಬಗ್ಗಿ ಎಲೆ ಎಣಿಸಿ. ಮೂರಿದ್ದರೆ ಹುಳಿಸೊಪ್ಪು, ನಾಲ್ಕಿದ್ದರೆ ಜರೀಗಿಡ.