ಛಾಯಾಚಿತ್ರವೂ ಹೆಸರೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯನ್ನು ಏರಿದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವರೆಂದು ತಾವು ಎಣಿಸುವುದು ಸಹಜ. ಆದರೆ ಸಂಘದವರು ನಮಗೆ ಒಪ್ಪಿಸಿರುವ ವಿಷಯ ಬೇರೆ. ರಜೆಯ ದಿನಗಳಲ್ಲಿ ನಮ್ಮ ಕುಟುಂಬಗಳು ಉದ್ಯಾನಗಳಿಗೂ ದ್ವೀಪಗಳಿಗೂ ಪ್ರವಾಸ ಹೋಗುತ್ತವೆ. ಅಲ್ಲಿ ಪ್ರಕೃತಿಯ ಛಾಯಾಚಿತ್ರಗಳನ್ನು ತೆಗೆಯುತ್ತವೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಅವರ ಅಪೇಕ್ಷೆ. ಭಾಷೆಯ ಉಪಾಧ್ಯಾಯರಿಗೂ ಛಾಯಾಗ್ರಹಣಕ್ಕೂ ಏನು ಸಂಬಂಧವೆಂಬ ಶಂಕೆ ಹುಟ್ಟಬಹುದು. ಸಂಬಂಧವುಂಟು. ಅದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಫಿಲ್ಮು ಸುರುಳಿಯ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು ಬರುತ್ತಿದ್ದವು. ಆದುದರಿಂದ ಜನರು ನೋಡಿ, ಯೋಚಿಸಿ, ಆಮೇಲೆ ಗುಂಡಿ ಒತ್ತುತ್ತಿದ್ದರು. ಚಿತ್ರ ಮುದ್ರಣವಾಗಿ ಮನೆಗೆ ಬಂದಾಗ ಅದರ ಬೆನ್ನಿನ ಮೇಲೆ ಊರು, ತಾರೀಖು, ನಿಂತವರ ಹೆಸರು ಇವುಗಳನ್ನು ಬರೆದಿಡುವ ಪದ್ಧತಿ ಅನೇಕ ಮನೆಗಳಲ್ಲಿ ಇತ್ತು. ಈಗ ಕ್ಯಾಮೆರಾ ಪ್ರತಿಯೊಬ್ಬರ ಮೊಬೈಲಿನಲ್ಲಿ ಕುಳಿತಿದೆ. ಒಂದು ದಿನದ ಪ್ರವಾಸದಿಂದ ಮುನ್ನೂರು ಚಿತ್ರಗಳು ಬರುತ್ತವೆ. ಇದು ದೂಷಿಸತಕ್ಕ ಸಂಗತಿಯಲ್ಲ. ಬಡವರಿಗೂ ಬಾಲಕರಿಗೂ ದಕ್ಕಿದ ಭಾಗ್ಯ. ಆದರೆ ಚಿತ್ರಕ್ಕೆ ಬೆನ್ನೂ ಇಲ್ಲ, ಬೆನ್ನಿನ ಮೇಲೆ ಬರಹವೂ ಇಲ್ಲ. “ಇದು ಯಾವ ಹಕ್ಕಿ?” ಎಂದು ಮಗುವನ್ನು ಕೇಳಿದರೆ “ಒಂದು ಬರ್ಡು” ಎಂಬ ಉತ್ತರ ಬರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಇರುವ ನಮ್ಮಂಥ ಗಡಿನಾಡಿನ ಮನೆಗಳಲ್ಲಿ ಮೊದಲು ಮರೆತುಹೋಗುವುದು ಊಟ ನಿದ್ದೆಗಳ ಮಾತಲ್ಲ. ಮರ, ಹಕ್ಕಿ, ಕಲ್ಲು, ಹಳ್ಳಗಳ ಹೆಸರು. ಕ್ಯಾಮೆರಾ ಈ ಮರೆವನ್ನು ಹೆಚ್ಚಿಸಲೂ ಬಲ್ಲದು, ತಡೆಯಲೂ ಬಲ್ಲದು. ಅದು ಹಿಡಿದವರ ಕೈಯಲ್ಲಿದೆ.

ದ್ವೀಪವೆಂದೊಡನೆ ಸಮುದ್ರವನ್ನೇ ನೆನೆಯಬೇಕಾಗಿಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಕಾವೇರಿಯ ನಡುವಿನ ಸಣ್ಣ ನಡುಗಡ್ಡೆಗಳ ಗುಂಪು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645 ರಿಂದ 1648 ರ ಅವಧಿಯಲ್ಲಿ, ನದಿಗೆ ಅಣೆಕಟ್ಟೆಯನ್ನು ಕಟ್ಟಿದಾಗ ಈ ನಡುಗಡ್ಡೆಗಳು ಉಂಟಾದವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940 ರಲ್ಲಿ ಇದನ್ನು ಪಕ್ಷಿಧಾಮವೆಂದು ಸಾರಿತು. 2022 ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುತಾಣಗಳ ಪಟ್ಟಿಗೆ ಸೇರಿತು. ತಿಟ್ಟು ಎಂದರೆ ಎತ್ತರವಾದ ನೆಲ, ದಿಬ್ಬ. ತಮಿಳಿನಲ್ಲಿಯೂ ಇದೇ ಮಾತು ಇದೇ ಅರ್ಥದಲ್ಲಿ ಬಳಕೆಯಲ್ಲಿದೆ.

ಅಲ್ಲಿ ದೋಣಿಯಲ್ಲಿ ಕುಳಿತವರಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬಾಯ್ಕಳಕ ಮುಂತಾದವು ಕಾಣಸಿಗುತ್ತವೆ. ಬಾಯ್ಕಳಕದ ಚಿತ್ರವನ್ನು ದೊಡ್ಡದು ಮಾಡಿ ನೋಡಿರಿ. ಅದು ಕೊಕ್ಕನ್ನು ಮುಚ್ಚಿದಾಗಲೂ ಎರಡು ತುಟಿಗಳ ನಡುವೆ ಒಂದು ಸಂದು ಉಳಿಯುತ್ತದೆ. ಕನ್ನಡಿಗರು ಈ ಸಂದನ್ನು ಕಂಡು ಹೆಸರಿಟ್ಟರು. ತಮಿಳರು ಇದೇ ಹಕ್ಕಿಯನ್ನು ‘ನತ್ತೈ ಕುತ್ತಿ ನಾರೈ’ ಎನ್ನುತ್ತಾರೆ. ಎಂದರೆ, ನೀರಿನ ಬಸವನಹುಳುವನ್ನು ಕುತ್ತಿ ತಿನ್ನುವ ಕೊಕ್ಕರೆ. ಒಬ್ಬರು ಕೊಕ್ಕನ್ನು ನೋಡಿದರು, ಇನ್ನೊಬ್ಬರು ಆಹಾರವನ್ನು ನೋಡಿದರು. ಎರಡನ್ನೂ ಕೂಡಿಸಿದರೆ ಹಕ್ಕಿಯ ಬಾಳು ಪೂರ್ಣವಾಗಿ ತಿಳಿಯುತ್ತದೆ. ಏಕೆಂದರೆ ಆ ಸಂದುಳ್ಳ ಕೊಕ್ಕು ಬಸವನಹುಳುವನ್ನು ಹಿಡಿಯುವುದಕ್ಕೆ ಒದಗುವ ಸಾಧನ. ಹಾವಕ್ಕಿಯ ವಿಷಯದಲ್ಲಾದರೋ ಇಬ್ಬರಿಗೂ ಕಂಡದ್ದು ಒಂದೇ. ನೀರಿನ ಮೇಲೆ ಕತ್ತನ್ನು ಮಾತ್ರ ತೋರಿಸಿ ಈಜುವ ಅದನ್ನು ತಮಿಳರೂ ಹಾವಿನ ಹೆಸರಿನಿಂದಲೇ, ‘ಪಾಂಬುತ್ತಾರಾ’ ಎಂದು, ಕರೆಯುತ್ತಾರೆ. ಎರಡು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಒಂದು ಹಕ್ಕಿಯನ್ನು ಎರಡು ಸಲ ನೋಡುವ ಅವಕಾಶವಿದೆ. ಇದು ಗಡಿನಾಡಿನ ಬಡತನವಲ್ಲ, ಸಂಪತ್ತು.

ಉದ್ಯಾನಗಳ ಮಾತಿಗೆ ಬರೋಣ. ಬೆಂಗಳೂರಿನ ಲಾಲ್‌ಬಾಗನ್ನು ಹೈದರ್ ಅಲಿ 1760 ರಲ್ಲಿ ಆರಂಭಿಸಿದನು. ಅಲ್ಲಿಯ ಗಾಜಿನ ಮನೆಗೆ 1889 ರಲ್ಲಿ ಅಸ್ತಿಭಾರ ಬಿದ್ದಿತು. ಪುಷ್ಪಪ್ರದರ್ಶನಕ್ಕೆ ಹೋದವರೆಲ್ಲರೂ ಹೂವಿನ ಮುಂದೆ ತಮ್ಮನ್ನು ನಿಲ್ಲಿಸಿಕೊಂಡು ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಅದೇ ತೋಟದಲ್ಲಿ, ಕೆಂಪೇಗೌಡನ ಗೋಪುರವನ್ನು ಹೊತ್ತ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂಬುದನ್ನು ಎಷ್ಟು ಮಂದಿ ಚಿತ್ರದ ಕೆಳಗೆ ಬರೆದುಕೊಂಡಾರು? ನಮಗೆ ಹತ್ತಿರವಾದ ಉದಕಮಂಡಲದ ಸಸ್ಯೋದ್ಯಾನ 1848 ರಲ್ಲಿ ಏರ್ಪಟ್ಟಿತು. ಅಲ್ಲಿ ಕಲ್ಲಾಗಿ ಹೋದ, ಸುಮಾರು ಎರಡು ಕೋಟಿ ವರ್ಷಗಳ ಹಿಂದಿನ ಮರದ ತುಂಡೊಂದನ್ನು ಇರಿಸಿದ್ದಾರೆ. ಇಂಥ ಉದ್ಯಾನಗಳಲ್ಲಿ ಅನೇಕ ಮರಗಳಿಗೆ ಹೆಸರಿನ ಫಲಕ ಹಾಕಿರುತ್ತಾರೆ. ಮರದ ಚಿತ್ರದ ಜೊತೆಗೆ ಫಲಕದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿರಿ. ಮನೆಗೆ ಬಂದ ಮೇಲೆ ಕನ್ನಡದ ಹೆಸರನ್ನು ಹುಡುಕಲು ಅದು ಆಧಾರವಾಗುತ್ತದೆ. ನಾಗಲಿಂಗದ ಮರ ದಕ್ಷಿಣ ಅಮೆರಿಕದಿಂದ ಬಂದದ್ದು. ಅದರ ಹೂವಿನಲ್ಲಿ ಲಿಂಗವನ್ನೂ ಅದರ ಮೇಲೆ ಬಾಗಿದ ಹೆಡೆಯನ್ನೂ ನಮ್ಮವರು ಕಂಡರು, ಪರದೇಶದ ಮರ ನಮ್ಮ ಮರವಾಯಿತು. ಹೆಸರಿಡುವುದೆಂದರೆ ಬರಮಾಡಿಕೊಳ್ಳುವುದೇ.

ಕಡಲಿನ ದ್ವೀಪವನ್ನು ನೋಡಬೇಕೆಂಬವರು ಉಡುಪಿಗೆ ಸಮೀಪದ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಗಳಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ದೋಣಿಗಳಿರುವುದಿಲ್ಲ. ಅಲ್ಲಿಯ ಕಲ್ಲುಗಳು ಕಡೆದಿಟ್ಟ ಕಂಬಗಳಂತೆ ಕೋನಕೋನವಾಗಿ ನಿಂತಿವೆ. ಯಾವ ಶಿಲ್ಪಿಯೂ ಕಡೆದದ್ದಲ್ಲ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಿದ್ದ ಶಿಲಾರಸವು ಆರುತ್ತ ಕುಗ್ಗಿ ಬಿರಿದು ಹೀಗಾಯಿತು. ಇಲ್ಲಿ ಎರಡು ಸೂಚನೆಗಳು ಉಪಯುಕ್ತ. ನಡುಹಗಲಿನಲ್ಲಿ ಕಲ್ಲಿನ ಅಂಚುಗಳು ಎದ್ದು ಕಾಣವು. ಬಿಸಿಲು ಓರೆಯಾಗಿರುವ ಹೊತ್ತಿನಲ್ಲಿ ನೆರಳು ಬಿದ್ದು ರೂಪ ಸ್ಪಷ್ಟವಾಗುತ್ತದೆ. ಕಂಬದ ಬದಿಯಲ್ಲಿ, ಅಲೆಗಳಿಂದ ದೂರವಾಗಿ, ಒಬ್ಬರನ್ನು ನಿಲ್ಲಿಸಿದರೆ ಅದರ ಗಾತ್ರ ತಿಳಿಯುತ್ತದೆ. ಮನುಷ್ಯನು ಅಲ್ಲಿ ಅಳತೆಗೋಲು ಮಾತ್ರ; ಚಿತ್ರದ ನಾಯಕ ಕಲ್ಲು.

ದೂರದ ಪ್ರವಾಸಕ್ಕೆ ಅನುಕೂಲವಿಲ್ಲದವರು ನಿರಾಶರಾಗಬೇಕಾಗಿಲ್ಲ. ತಿರುಪ್ಪೂರಿನ ಹೊರವಲಯದಲ್ಲಿ, ಸರ್ಕಾರ್ ಪೆರಿಯಪಾಳೆಯದ ಬಳಿ, ನಂಜರಾಯನ ಕೆರೆ ಇದೆ. ಹಲವು ಶತಮಾನಗಳ ಹಿಂದೆ ಇದನ್ನು ಜೀರ್ಣೋದ್ಧಾರ ಮಾಡಿಸಿದ ನಂಜರಾಯನೆಂಬ ಅರಸನ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿತೆಂದು ಪ್ರಸಿದ್ಧಿ. 2022 ರಲ್ಲಿ ಇದು ತಮಿಳುನಾಡಿನ 17 ನೆಯ ಪಕ್ಷಿಧಾಮವಾಯಿತು. 2024 ರ ಆಗಸ್ಟಿನಲ್ಲಿ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಸುಮಾರು 125 ಹೆಕ್ಟೇರು ವಿಸ್ತಾರದ ಈ ಕೆರೆಯಲ್ಲಿಯೂ ದಡದಲ್ಲಿಯೂ 191 ಜಾತಿಯ ಹಕ್ಕಿಗಳು, 87 ಜಾತಿಯ ಚಿಟ್ಟೆಗಳು ದಾಖಲೆಯಾಗಿವೆ. ಬನಿಯನ್ನಿನ ಪಟ್ಟಣವೆಂದು ಲೋಕಕ್ಕೆ ತಿಳಿದ ಊರಿನ ಪಕ್ಕದಲ್ಲೇ ಇಂಥ ಸಂಪತ್ತಿದೆ. ಇಲ್ಲಿ ತಾರೀಖು ಬರೆದಿಡುವುದರ ಬೆಲೆ ಇನ್ನೂ ಹೆಚ್ಚು. ಬಣ್ಣದ ಕಾರ್ಖಾನೆಗಳ ಕೊಳೆನೀರಿನಿಂದ ನೊಯ್ಯಲ್ ನದಿ ಎಷ್ಟು ಕೆಟ್ಟಿತೆಂದರೆ 2011 ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞೆ ಮಾಡಬೇಕಾಯಿತು. ನೀರು ಕೆಟ್ಟದ್ದಕ್ಕೂ ತಿಳಿಯಾದದ್ದಕ್ಕೂ ತಾರೀಖು, ಸ್ಥಳ ಬರೆದ ಚಿತ್ರವು ಸಾಕ್ಷಿಯಾಗಬಲ್ಲದು. ಹೆಸರಿಲ್ಲದ ಸುಂದರ ಚಿತ್ರವು ಏನನ್ನೂ ಹೇಳಲಾರದು.

ಒಂದು ಎಚ್ಚರಿಕೆ. ಚಿತ್ರದ ಆಸೆಯಿಂದ ಗೂಡಿನ ಸಮೀಪಕ್ಕೆ ಹೋಗಬಾರದು. ತಾಯಿ ಹಕ್ಕಿ ಹೆದರಿ ಎದ್ದರೆ ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಒಡ್ಡಿದಂತಾಗುತ್ತದೆ. ಕಲ್ಲೆಸೆದು ಹಕ್ಕಿಗಳನ್ನು ಹಾರಿಸಿ ಚಿತ್ರ ತೆಗೆಯುವುದು ಕಲೆಯಲ್ಲ, ಹಿಂಸೆ. ಹೂವನ್ನು ಗಿಡದಲ್ಲೇ ಬಿಟ್ಟು ಚಿತ್ರ ತೆಗೆದರೆ ಮುಂದೆ ಬರುವವರಿಗೂ ಒಂದು ಚಿತ್ರ ಉಳಿಯುತ್ತದೆ.

ಕ್ಯಾಮೆರಾವೂ ಲೇಖನಿಯೂ ಒಂದೇ ಕೈಯಲ್ಲಿ ಇರಬಹುದೆಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರಗಳನ್ನು ತಾವೇ ತೆಗೆದರು; ಆ ಹಕ್ಕಿಗಳನ್ನು ಕುರಿತು ಕನ್ನಡದಲ್ಲಿ ಬರೆದರು. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲಸಿದ ಟಿ. ಎನ್. ಎ. ಪೆರುಮಾಳ್ ಅವರು (1932–2017) ವನ್ಯಜೀವಿಗಳ ಛಾಯಾಗ್ರಹಣದಲ್ಲಿ ದೇಶವಿದೇಶಗಳ ಮನ್ನಣೆ ಪಡೆದರು. ಗಡಿಯು ಹಕ್ಕಿಗೂ ಇಲ್ಲ, ಹಕ್ಕಿಯನ್ನು ಪ್ರೀತಿಸುವವರಿಗೂ ಇಲ್ಲ.

ಆದುದರಿಂದ ನಮ್ಮದೊಂದು ವಿನಂತಿ. ಪ್ರತಿಯೊಂದು ಮನೆಯವರೂ ವರ್ಷಕ್ಕೆ ಹನ್ನೆರಡು ಚಿತ್ರಗಳನ್ನು, ತಿಂಗಳಿಗೊಂದರಂತೆ, ಆರಿಸಿ ಮುದ್ರಿಸಿರಿ. ಕೆಳಗೆ ಮಗುವಿನ ಕೈಯಿಂದಲೇ ಕನ್ನಡದ ಹೆಸರು, ತಮಿಳಿನ ಹೆಸರು, ಊರು, ತಾರೀಖು, ಕಂಡದ್ದನ್ನು ಹೇಳುವ ಒಂದು ವಾಕ್ಯ, ಇವುಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿರಿ. ಹೆಸರು ತಿಳಿಯದಿದ್ದರೆ ಅಜ್ಜಿಯನ್ನು ಕೇಳಿರಿ. ಅಜ್ಜಿಗೂ ತಿಳಿಯದಿದ್ದರೆ ಪುಸ್ತಕವನ್ನು ತೆರೆಯಿರಿ. ಮನೆಮಾತು ಕನ್ನಡವಾಗಿಯೂ ಕನ್ನಡದ ಅಕ್ಷರ ಬಾರದ ಮಕ್ಕಳು ಈ ಸೀಮೆಯಲ್ಲಿ ಅನೇಕರು. ಅವರಿಗೆ ವರ್ಷಕ್ಕೆ ಹನ್ನೆರಡು ವಾಕ್ಯಗಳೂ ಒಳ್ಳೆಯ ಆರಂಭವೇ. ಮುಂದಿನ ವಾರ್ಷಿಕೋತ್ಸವದಲ್ಲಿ ಈ ಚಿತ್ರಗಳ ಪ್ರದರ್ಶನವನ್ನು ಸಂಘವು ಏರ್ಪಡಿಸಲಿ. ಬಹುಮಾನವನ್ನು ಚಿತ್ರದ ಅಂದಕ್ಕೆ ಮಾತ್ರ ಕೊಡದೆ, ಕೆಳಗಿನ ವಾಕ್ಯಕ್ಕೂ ಕೊಡಲಿ.