ಅಕ್ಕ ಅಕ್ಬರಿ, ತಂಗಿ ಅಸ್ಗರಿ

ಅಕ್ಕತಂಗಿಯರು ಬೆಳೆದು ದೊಡ್ಡವರಾಗುವ ಕಾದಂಬರಿ ಎಂದೊಡನೆ ಇಂಗ್ಲಿಷ್ ಓದಿದವರ ಬಾಯಿಗೆ ಬರುವುದು ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’. ಬಾಸ್ಟನ್ನಿನಲ್ಲಿ ಅದರ ಮೊದಲ ಭಾಗ 1868ರಲ್ಲಿ, ಎರಡನೆಯದು 1869ರಲ್ಲಿ ಹೊರಬಂತು. ಅದೇ 1869ರಲ್ಲಿ ನಮ್ಮಲ್ಲೂ ಇಬ್ಬರು ಅಕ್ಕತಂಗಿಯರ ಕಥೆ ಅಚ್ಚಾಯಿತು. ಅದು ‘ಮಿರಾತುಲ್ ಉರೂಸ್’. ಉರ್ದುವಿನ ಮೊದಲ ಕಾದಂಬರಿ ಎಂದು ಅದನ್ನು ಹಲವರು ಹೇಳುತ್ತಾರೆ. ಬರೆದವರು ಡೆಪ್ಯುಟಿ ನಜೀರ್ ಅಹ್ಮದ್. ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಇವರು ತೀರಾ ಹೊರಗಿನವರೇನಲ್ಲ. ನಿಜಾಮರ ದಿವಾನ ಸಾಲಾರ್ ಜಂಗ್ 1877ರಲ್ಲಿ ಹೈದರಾಬಾದಿಗೆ ಕರೆಸಿಕೊಂಡ ಮೇಲೆ ನಜೀರ್ ಅಹ್ಮದ್ ಕೆಲವು ವರ್ಷ ನಿಜಾಮರ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸರ್ಕಾರಕ್ಕೆ ಸೇರಿದ್ದವು.

ಪುಸ್ತಕ ಹುಟ್ಟಿದ್ದು ಮನೆಯೊಳಗೆ. ಹೆಣ್ಣುಮಕ್ಕಳಿಗೆ ಓದಿಸಲು ತಕ್ಕ ಪುಸ್ತಕ ಸಿಗದೆ ತಂದೆಯೇ ಬರೆಯಲು ಕೂತರು. ಕಥೆ ದಿಲ್ಲಿಯದು. ಅಕ್ಬರಿ, ಅಸ್ಗರಿ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರನ್ನು ಮದುವೆಯಾಗುತ್ತಾರೆ. ಹೀಗೆ ಒಡಹುಟ್ಟಿದವರೇ ವಾರಗಿತ್ತಿಯರು! ಅಜ್ಜಿಯ ಮುದ್ದಿನಲ್ಲಿ ಬೆಳೆದ ಅಕ್ಬರಿ ಜಗಳವಾಡಿ ಬೇರೆ ಮನೆ ಮಾಡುತ್ತಾಳೆ. ಹಜ್ ಮಾಡಿ ಬಂದವಳೆಂದು ನಂಬಿಸಿದ ವಂಚಕಿಯೊಬ್ಬಳ ಕೈಗೆ ಒಡವೆ ಕೊಟ್ಟು ಕಳೆದುಕೊಳ್ಳುತ್ತಾಳೆ. ಅಸ್ಗರಿ ಓದುಬರಹ ಬಲ್ಲವಳು. ಅಂಗಡಿ ಬಾಕಿಯ ಲೆಕ್ಕ ತೆಗೆದು ಕೆಲಸದಾಕೆ ಅಜ್ಮತ್‌ಳ ಕಳ್ಳತನ ಹಿಡಿಯುತ್ತಾಳೆ, ಮನೆಯಲ್ಲೇ ಹುಡುಗಿಯರ ಶಾಲೆ ತೆರೆಯುತ್ತಾಳೆ.

ಬ್ರಿಟಿಷ್ ಕಾಲದ ವಾಯವ್ಯ ಪ್ರಾಂತ್ಯದ ಸರ್ಕಾರ ಈ ಪುಸ್ತಕಕ್ಕೆ ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ಶಾಲೆಗಳಿಗೂ ಅದು ಹೋಯಿತು. ಇಪ್ಪತ್ತು ವರ್ಷಗಳಲ್ಲಿ ಮುದ್ರಣಗಳೆಲ್ಲ ಸೇರಿ ಲಕ್ಷ ಪ್ರತಿ ದಾಟಿದವು ಎನ್ನುತ್ತಾರೆ. ಅಸ್ಗರಿಯ ಶಾಲೆಯನ್ನೇ ಮುಂದುವರಿಸಿ ನಜೀರ್ ಅಹ್ಮದ್ ‘ಬನಾತುನ್ ನಾಶ್’ ಬರೆದರು. ಅದರಲ್ಲಿ ಪಾಠವೇ ಹೆಚ್ಚು, ಕಥೆ ಕಡಿಮೆ. 1903ರಲ್ಲಿ ಜಿ.ಇ. ವಾರ್ಡ್ ಮೊದಲ ಪುಸ್ತಕವನ್ನು ಇಂಗ್ಲಿಷಿಗೆ ತಂದರು. 2001ರಲ್ಲಿ ಆ ಅನುವಾದ ದಿಲ್ಲಿಯಲ್ಲಿ ಮತ್ತೆ ಅಚ್ಚಾಯಿತು.

ಆಲ್ಕಾಟ್ ಪುಸ್ತಕ ಹಾಲಿವುಡ್ಡಿಗೆ ಮತ್ತೆ ಮತ್ತೆ ಬೇಕಾಯಿತು: 1933, 1949, 1994, 2019. 2018ರಲ್ಲಿ ‘ಹಕ್ ಸೇ’ ಎಂಬ ಹಿಂದಿ ವೆಬ್ ಸರಣಿ ಅದರ ನಾಲ್ವರು ಹುಡುಗಿಯರನ್ನು ಕಾಶ್ಮೀರಕ್ಕೂ ಕರೆತಂದಿತು. ಅಕ್ಬರಿ, ಅಸ್ಗರಿಯರ ಪಾಲಿಗೆ ಬಂದದ್ದು ಟಿ.ವಿ. ಪಾಕಿಸ್ತಾನದಲ್ಲಿ 2011ರಲ್ಲಿ ‘ಅಕ್ಬರಿ ಅಸ್ಗರಿ’ ಎಂಬ ಹಾಸ್ಯ ಧಾರಾವಾಹಿ ಬಂತು. ಮರುವರ್ಷ ‘ಮಿರಾತುಲ್ ಉರೂಸ್’ ಎಂಬ ಹೆಸರಿನಲ್ಲೇ ಇಂದಿನ ಕಾಲದ ಇನ್ನೊಂದು ಧಾರಾವಾಹಿ.

ಓದುಗಿಯಾಗಿ ನನ್ನ ಮಾತು ಇಷ್ಟು. ನಜೀರ್ ಅಹ್ಮದ್ ಮಣೆ ಹಾಕಿದ್ದು ತಂಗಿಗೆ, ಕಥೆಗೆ ಜೀವ ತುಂಬಿದ್ದು ಮಾತ್ರ ಅಕ್ಕ. ಅಸ್ಗರಿ ಎಲ್ಲಿಯೂ ತಪ್ಪುವುದಿಲ್ಲ, ಹಾಗಾಗಿ ಅವಳು ಬೆಳೆಯುವುದೂ ಇಲ್ಲ. ಅಕ್ಬರಿ ಸಿಟ್ಟಾಗುತ್ತಾಳೆ, ಹಟ ಹಿಡಿಯುತ್ತಾಳೆ, ಮೋಸ ಹೋಗುತ್ತಾಳೆ. ಗಂಡನ ಮನೆಯಲ್ಲಿ ತನ್ನದೇ ಒಂದು ಮೂಲೆ ಬೇಕೆಂದವಳನ್ನು ಇವತ್ತು ಕೆಟ್ಟವಳೆನ್ನಲು ನನಗಂತೂ ಬಾಯಿ ಬಾರದು. ಆಲ್ಕಾಟ್ ತನ್ನ ಒರಟು ಹುಡುಗಿ ಜೋಗೆ ತೋರಿದ ಮಮತೆಯಲ್ಲಿ ಅರ್ಧದಷ್ಟಾದರೂ ಅಕ್ಬರಿಗೆ ಸಲ್ಲಬೇಕಿತ್ತು.

ನಿಮ್ಮ ಪಕ್ಕದ ಮನೆಯಲ್ಲಿ ಉರ್ದು ಓದಬಲ್ಲ ಹಿರಿಯರಿದ್ದರೆ, ಅಕ್ಬರಿಯ ಜಗಳದ ಭಾಗವನ್ನೊಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ.